ವಾಸುವಿನ ಲಾರಿಗೆ ಹೊಸ ಡಿಶ್

ಎರಡು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನಾನು ಲಾರಿಯೊಂದರ ಮಾಡಿನ ಮೇಲೆ ಸ್ಪ್ಯಾನರ್ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತಿದ್ದೆ. (ಮಂಡಿನೋವು ಇರುವವರು ದಯವಿಟ್ಟು ಪ್ರಯತ್ನಿಸಬೇಡಿ.)

ಲಾರಿ ನನ್ನ ಗೆಳೆಯ ವಾಸುವಿನದು. ಮಸ್ಕತ್ತಿನ ಗ್ಯಾರೇಜಿನಲ್ಲಿ ಇಪ್ಪತ್ತೈದು ವರ್ಷ ದುಡಿದು ಕಾರ್ಕಳಕ್ಕೆ ಮರಳಿದವನು, ಸಣ್ಣ ಲಾರಿ ಕೊಂಡು ಅದರ ಬೆನ್ನ ಮೇಲೆ ತಾನೇ ಒಂದು ಕೋಣೆ ಕಟ್ಟಿದ. ಮಂಚ, ಗ್ಯಾಸ್ ಒಲೆ, ಗೋಡೆಗೆ ಟೀವಿ, ಮಾಡಿನ ಮೇಲೆ ಡಿಶ್. ಇಷ್ಟು ವರ್ಷ ಊರಲ್ಲೇ ಕಾದ ಹೆಂಡತಿ ಸುಮತಿಯಕ್ಕನಿಗೆ ದೇಶ ತೋರಿಸಬೇಕು ಎಂಬ ಆಸೆ.

ಸುತ್ತಿದ್ದೆಷ್ಟು? ಕಾಪುವಿನ ಕಡಲ ಬದಿಗೆ ಒಂದು ಸಲ. ಅಷ್ಟೇ. ಆಮೇಲೆ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು.

ರೇಡಿಯೇಷನ್‌ಗೆ ವಾರದಲ್ಲಿ ಐದು ದಿನ ಮಣಿಪಾಲ. ಕಾರ್ಕಳದಿಂದ ದಿನಾ ಬಂದುಹೋಗುವ ಶಕ್ತಿ ಅಕ್ಕನಿಗೆ ಇರಲಿಲ್ಲ. ಹಾಗಾಗಿ ಆಸ್ಪತ್ರೆಯ ಹತ್ತಿರ ಪರಿಚಯದವರ ಹಿತ್ತಲಲ್ಲಿ ಲಾರಿ ನಿಂತಿತು. ಒಳಗೆ ತರುವಾಗಲೇ ಹಲಸಿನ ಕೊಂಬೆ ತಾಗಿ ಡಿಶ್ ಮುರಿದಿತ್ತು. ಆಗ ಅದು ಯಾರಿಗೆ ಬೇಕಿತ್ತು?

ಐದು ವಾರ ಕಳೆದ ಮೇಲೆ, ಒಂದು ಶನಿವಾರ ವಾಸುವಿನ ಫೋನ್ ಬಂತು.

"ನಾಳೆ ಉಡುಪಿಯಿಂದ ಸ್ವಲ್ಪ ಬಾ ಮಾರಾಯ. ಡಿಶ್ ಬದಲಿಸಲಿಕ್ಕುಂಟು."

"ಈಗ ಎಂತ ಅರ್ಜೆಂಟು?"

"ಅರ್ಜೆಂಟ್ ಉಂಟು."

ಹೋದೆ. ಹಳೆಯ ಬೋಲ್ಟುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು, ಬಡಿದು, ಇಬ್ಬರೂ ಸೇರಿ ಬಿಚ್ಚಿದೆವು. ನೀರು ಸೋರದಂತೆ ಹಳೆಯ ತೂತುಗಳಿಗೆ ಸಿಲಿಕೋನ್ ಅಂಟು ತುಂಬುತ್ತಾ, ತಲೆಯೆತ್ತದೆ ವಾಸು ಹೇಳಿದ:

"ಇನ್ನು ಟ್ರೀಟ್‌ಮೆಂಟ್ ಮಾಡಿ ಪ್ರಯೋಜನ ಇಲ್ಲ ಅಂದ್ರು ಡಾಕ್ಟ್ರು. ಮೊನ್ನೆ ಶುಕ್ರವಾರ. ಅವಳಿಗೆ ಹೇಳಲಿಲ್ಲ ನಾನು."

ನಾನು ಹೊಸ ಡಿಶ್ ಎತ್ತಿ ಜಾಗದಲ್ಲಿಟ್ಟೆ.

"ಹೊಸ ಡಿಶ್ ಹಾಕಿದ್ರೆ, ಇನ್ನೂ ತುಂಬಾ ದಿನ ಉಂಟು ಅಂತ ಅವಳು ಅಂದುಕೊಳ್ತಾಳೆ. ಅಲ್ವಾ?"

ನಾನು ಬೋಲ್ಟ್ ಬಿಗಿದೆ.

ಆಮೇಲೆ ವಾಸು ಮೇಲಿದ್ದು ಡಿಶ್ ತಿರುಗಿಸುವುದು, ನಾನು ಒಳಗೆ ಕೂತು ಚಿತ್ರ ಬಂತೋ ಇಲ್ಲವೋ ಕೂಗಿ ಹೇಳುವುದು ಎಂದಾಯಿತು. ಮಂಚದ ಮೇಲೆ ಸುಮತಿಯಕ್ಕ ದಿಂಬಿಗೆ ಒರಗಿದ್ದರು. ಮಗುವಿನಷ್ಟು ಸಣ್ಣಗಾಗಿದ್ದರು.

"ಬಂತಾ?" ಮೇಲಿನಿಂದ ವಾಸು.

"ಇಲ್ಲ, ಸ್ವಲ್ಪ ಆಚೆ!" ಎಂದೆ.

ಅಕ್ಕ ತಗ್ಗಿದ ದನಿಯಲ್ಲಿ ಹೇಳಿದರು: "ಡಾಕ್ಟ್ರು ಹೇಳಿದ್ದು ನಿಮಗೂ ಹೇಳಿದ್ರಲ್ಲ ಇವರು? ನನಗೆ ಗೊತ್ತುಂಟು. ಶುಕ್ರವಾರ ಡಾಕ್ಟ್ರ ರೂಮಿಂದ ಹೊರಗೆ ಬರುವಾಗ ಇವರ ಮುಖ ನೋಡಿದೆ. ನೀವು ಬಾಯಿ ಬಿಡಬೇಡಿ. ನನಗೆ ಗೊತ್ತಾಗಿದೆ ಅಂದ್ರೆ ಇವರು ಅಲ್ಲೇ ಕುಸಿದು ಕೂರ್ತಾರೆ."

"ಈಗ ಬಂತಾ?"

ಟೀವಿಯಲ್ಲಿ ಯಾರೋ ಬದನೆಕಾಯಿ ಹುರಿಯುತ್ತಿದ್ದರು. "ಬಂತು!" ಎಂದು ಕೂಗಿದವರು ಅಕ್ಕ.

ಆ ದಿನ ನಾವು ಮೂವರೂ ಆ ಅಡುಗೆಯನ್ನು ಕೊನೆಯವರೆಗೆ ನೋಡಿದೆವು. ಅಷ್ಟು ಗಮನವಿಟ್ಟು ಯಾರೂ ಟೀವಿ ನೋಡಿರಲಿಕ್ಕಿಲ್ಲ.

ಮೂರು ವಾರಕ್ಕೆ ಸುಮತಿಯಕ್ಕ ಹೋದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ದಿನ ಕಾರ್ಕಳದ ಮನೆಯಂಗಳದಲ್ಲಿ ವಾಸು ನನ್ನ ಕೈ ಹಿಡಿದ. "ಕೊನೆಯವರೆಗೂ ಅವಳಿಗೆ ಗೊತ್ತಾಗ್ಲಿಕ್ಕೆ ಬಿಡಲಿಲ್ಲ ಮಾರಾಯ." ಆ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ನಾನು ತಲೆಯಾಡಿಸಿದೆ.

ಆದರೆ ಎಷ್ಟು ದಿನ? ಮೊನ್ನೆ ತಡೆಯಲಾರದೆ ಹೋಗಿ ಎಲ್ಲ ಹೇಳಿಬಿಟ್ಟೆ. (ಇದನ್ನು ಬರೆಯಲು ಒಪ್ಪಿಗೆ ಕೊಟ್ಟವನೂ ಅವನೇ.) ವಾಸು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಆ ಮೂರು ವಾರ ನಾವಿಬ್ರು ಮಾತಾಡಿದ್ದು ಎಂತ? ಸೀರಿಯಲ್ ಕಥೆ!" ಅಂದ.

ಇಬ್ಬರ ಗುಟ್ಟೂ ನನ್ನ ಕೈಯಲ್ಲಿತ್ತು. ಒಂದು ಮಾತು ಸಾಕಿತ್ತು. ಆ ಮೂರು ವಾರ ಬಾಯಿ ಮುಚ್ಚಿಕೊಂಡು ನಾನು ಯಾರಿಗೆ ಉಪಕಾರ ಮಾಡಿದೆ?