ಒಂದು ಗೇಣು ದೂರ

ಒಸಾಕಾದ ಲೋಕಲ್ ರೈಲಿನಲ್ಲಿ ಮೂವತ್ತೊಂದು ವರ್ಷ ಗಾರ್ಡಾಗಿದ್ದ ಕುಸುಮೊತೊ ಕೆಟ್ಟವನಲ್ಲ, ಆದರೆ ನಿಯಮವೆಂದರೆ ಅವನಿಗೆ ನಿಯಮ. ರೋಗಿಗಳ ಮೀಸಲು ಸೀಟಿನ ಬಳಿ ಮೊಬೈಲು ಆಫ್ ಆಗಿರಬೇಕು. ಯಾರ ಎದೆಯಲ್ಲಿ ಪೇಸ್‌ಮೇಕರ್ ಇದೆಯೋ ಯಾರು ಕಂಡರು? ಮೈಕಿನಲ್ಲಿ ಹೇಳಿದ್ದು ಸಾಲದೆಂದು ತನ್ನ ಕೋಣೆಯಿಂದ ಈಚೆ ಬಂದೂ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಆ ಸೀಟಿನಲ್ಲಿ ಎದೆ ಹಿಡಿದುಕೊಂಡು ಒಬ್ಬ ಮುದುಕ ಕೂತಿದ್ದ. ಒಂದು ಮಾರು ಆಚೆ ನಿಂತಿದ್ದ ಹುಡುಗಿ ಬೇಡಿಕೊಂಡಳು. "ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡ್ತಾಳೆ ಸರ್. ಇವತ್ತೊಂದಿನ ಬಿಡಿ."

"ನಿಮ್ಮ ಫೋನಿಂದ ಈ ಅಜ್ಜನ ಎದೆಬಡಿತ ನಿಂತ್ರೆ?"

ಕಿಕ್ಕಿರಿದ ಬೋಗಿಯಲ್ಲಿ ಆಚೆ ಸರಿಯಲು ಜಾಗವಿರಲಿಲ್ಲ. ಅವಳು ಆಫ್ ಮಾಡಿದಳು.

ಮುಂದಿನ ವಾರ ಸೂತಕದ ಕಪ್ಪು ಬಟ್ಟೆಯಲ್ಲಿ ಬಂದಳು. "ಅಮ್ಮ ಮೂರು ಸಲ ಫೋನ್ ಮಾಡಿದ್ಲಂತೆ," ಎಂದಳು, ಅಷ್ಟೇ. ಅಂದಿನಿಂದ ಆರು ವರ್ಷ, ಪ್ರತಿ ಬೆಳಿಗ್ಗೆ ಹತ್ತುವಾಗ ಅವನಿಗೆ ತಲೆಬಾಗಿ ನಮಸ್ಕರಿಸುತ್ತಿದ್ದಳು. ಬೈದಿದ್ದರೆ ಮರೆತುಬಿಡುತ್ತಿದ್ದ. ಆ ನಮಸ್ಕಾರ ಅವನ ಬೆನ್ನು ಬಿಡಲಿಲ್ಲ. ಮನೆಯ ಫೋನು ಹೊಡೆದುಕೊಂಡರೆ ಎತ್ತಲು ಕೈ ಬರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವನ ಎದೆಗೇ ಪೇಸ್‌ಮೇಕರ್ ಬಂತು. "ಬ್ಯಾಟರಿ ಹಾಕಿಸ್ಕೊಂಡ ಮೇಲಾದ್ರೂ ಚುರುಕಾಗ್ತೀರೇನೋ," ಎಂದಳು ಹೆಂಡತಿ ಚಿಯೋಕೊ.

ಡಾಕ್ಟರು ಹೇಳಿದರು, "ಫೋನನ್ನ ಅಂಗಿ ಜೇಬಲ್ಲಿ ಇಡ್ಬೇಡಿ. ಬಲಗಿವಿಗೆ ಹಿಡ್ಕೊಂಡು ಮಾತಾಡಿ. ಎದೆಯಿಂದ ಒಂದು ಗೇಣು ದೂರ ಇದ್ರೆ ಸಾಕು."

"ಹಳೇ ಕಾಲದ ಫೋನಿಗೆ?"

"ಅದಕ್ಕೂ ಅಷ್ಟೇ ಸಾಕಿತ್ತು."

ಆ ಹುಡುಗಿ ಅವತ್ತು ನಿಂತಿದ್ದದ್ದು ಒಂದು ಮಾರು ದೂರ. ಕುಸುಮೊತೊಗೆ ಅನ್ನ ಸೇರದಾಯಿತು. ತಪ್ಪೊಪ್ಪಿಕೊಳ್ಳದೆ ಸತ್ತರೆ ಸತ್ತ ಮೇಲೂ ನೆಮ್ಮದಿಯಿಲ್ಲ ಎನ್ನಿಸಿತು. ಎಂಟು ದಿನ ಅದೇ ಬೆಳಗಿನ ರೈಲು ಹತ್ತಿದ. ಒಂಬತ್ತನೆಯ ದಿನ ಅವಳು ಸಿಕ್ಕಳು.

"ಅವತ್ತು ಆಫ್ ಮಾಡೋ ಅಗತ್ಯವೇ ಇರ್ಲಿಲ್ಲಮ್ಮ," ಎಂದು ಡಾಕ್ಟರ ಮಾತನ್ನೆಲ್ಲ ಹೇಳಿದ. "ನಂದೇ ತಪ್ಪು. ನೀವು ದಿನಾ ನಮಸ್ಕಾರ ಮಾಡಿ ನನ್ನ ಕೊಲ್ತಿದ್ರಿ."

ಅವಳು ತಲೆಯಲ್ಲಾಡಿಸಿದಳು.

"ಕೊಲ್ಲೋಕಲ್ಲ. ಅಮ್ಮನ ಕೊನೇ ಮಾತು ಕೇಳೋದು ತಪ್ಪಿದ್ರೂ ಆ ಅಜ್ಜನ ಜೀವ ಉಳೀತಲ್ಲ, ಅದರಿಂದ ಅಷ್ಟಾದ್ರೂ ಒಳ್ಳೇದಾಯ್ತಲ್ಲ ಅಂತ ನಮಸ್ಕಾರ ಮಾಡ್ತಿದ್ದೆ. ಇಷ್ಟು ವರ್ಷ ಅದನ್ನೇ ಹಿಡ್ಕೊಂಡು ಬದುಕಿದ್ದೆ." ಧ್ವನಿ ತಗ್ಗಿತು. "ನೀವು ಹೇಳ್ದೇ ಇರಬಹುದಿತ್ತು."

ರೈಲು ನಿಂತಿತು, ಅವಳು ಇಳಿದುಹೋದಳು. ಅವಳ ಸ್ಟೇಷನ್ನು ಇನ್ನೂ ನಾಲ್ಕು ನಿಲ್ದಾಣ ಆಚೆಗಿತ್ತು.