ಸೊಸೆಗೆ ಮಣ್ಣು ತಿನ್ನಿಸಿದ ಅತ್ತೆ

ಸೊಸೆಗೆ ಮಣ್ಣು ತಿನ್ನಿಸಿದ ಅತ್ತೆ ಅಂದರೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ಟಿವಿ ಸೀರಿಯಲ್ಲಿನ ವಿಲನ್, ಹೌದಲ್ಲವೇ?

ನಮ್ಮ ಪಕ್ಕದ ಮನೆಯ ಕಸ್ತೂರವ್ವ ಹಾಗಲ್ಲ. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಅವರಷ್ಟು ಮೆತ್ತನೆಯ ಅತ್ತೆ ಇನ್ನೊಬ್ಬರಿಲ್ಲ. ಸೊಸೆ ಸುನಂದಾ ತಾಳಿಕೋಟೆಯ ಕಡೆಯವಳು, ತಾಯಿಯಿಲ್ಲದ ಹುಡುಗಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸೋಣವೆಂದರೆ ಅಲ್ಲಿ ಮಾಡುವವರಿಲ್ಲ. ‘ನಾನ ಅಕಿಗೆ ಹಡದವ್ವ ಆಗ್ತೇನಿ’ ಎಂದು ಕಸ್ತೂರವ್ವ ತಾವೇ ನಿಂತರು.

ಬಸಿರು ಮೂರು ತಿಂಗಳಾಗುತ್ತಲೇ ಸುನಂದಾಗೆ ರೊಟ್ಟಿ ಕಂಡರೆ ವಾಕರಿಕೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಗುಳಿಗೆಯೂ ಹೊಟ್ಟೆ ತೊಳಸುತ್ತದೆಂದು ಬಿಟ್ಟಳು. ಅವಳಿಗೆ ಬೇಕಾದದ್ದು ಒಂದೇ. ಮಣ್ಣು! ನೆನೆದ ಗೋಡೆಯ ವಾಸನೆಗೇ ಬಾಯಲ್ಲಿ ನೀರೂರುತ್ತಿತ್ತಂತೆ.

ಬಯಕೆ ಎಂದ ಮೇಲೆ ಬಿಡುವುದುಂಟೆ? ಕಸ್ತೂರವ್ವ ಕುಂಬಾರರ ಮನೆಯಿಂದ ಸೋಸಿದ ಮಣ್ಣು ತಂದು, ಉಂಡೆ ಕಟ್ಟಿ, ಕೆಂಡದಲ್ಲಿ ಸುಟ್ಟು, ಸ್ಟೀಲ್ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. (ಎಷ್ಟು ಅಚ್ಚುಕಟ್ಟು ನೋಡಿ!)

‘ಬಯಕಿ ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವಂತರಿ ಅಕ್ಕಾರ’ ಎನ್ನುತ್ತಿದ್ದರು ನನಗೆ.

ಓಣಿಯವರೆಲ್ಲ ನಕ್ಕೆವು. ಸೀಮಂತದ ಕುಬಸದ ದಿನವಂತೂ ಹೋಳಿಗೆ ತಟ್ಟೆಯ ಪಕ್ಕದಲ್ಲೇ ಆ ಡಬ್ಬಿ. ಫೋಟೋ ತೆಗೆದು ಸ್ಟೇಟಸ್ ಹಾಕಿದವರೂ ಇದ್ದರು. ಫೋಟೋದಲ್ಲಿ ಸುನಂದಾಳ ಮುಖ ಬಿಳಿಚಿಕೊಂಡಿತ್ತು. ಮೇಕಪ್ ಅಂದರು ಕೆಲವರು. ಬಸುರಿ ಕಳೆ ಅಂದರು ಇನ್ನು ಕೆಲವರು.

ಎಂಟನೇ ತಿಂಗಳಲ್ಲಿ ಒಂದು ಮುಂಜಾನೆ ಹುಡುಗಿ ಬಚ್ಚಲಲ್ಲಿ ಬವಳಿ ಬಂದು ಬಿದ್ದಳು. ವಿಜಯಪುರಕ್ಕೆ ಒಯ್ದರು. ನಾನೂ ಜೊತೆಗೆ ಹೋದೆ. ಬಾಟಲಿಗಟ್ಟಲೆ ರಕ್ತ ಏರಿಸಿದರು. ದಿನ ತುಂಬುವ ಮೊದಲೇ ಹೆರಿಗೆ. ಕೂಸು ಅಂಗೈಯಗಲ. ಸೀದಾ ಗಾಜಿನ ಪೆಟ್ಟಿಗೆಗೆ.

ಏನೇನು ತಿನ್ನುತ್ತಿದ್ದಳು ಎಂದು ವಿಚಾರಿಸಿದ ಡಾಕ್ಟರ್‌ಬಾಯಿ ಮಣ್ಣಿನ ಸುದ್ದಿ ಕೇಳಿ ತಲೆ ಹಿಡಿದುಕೊಂಡರು.

‘ಯವ್ವಾ, ಮೈಯಾಗ ರಕ್ತ ಕಡಿಮಿ ಇದ್ದಾಗ ಹಿಂಗ ಮಣ್ಣು ತಿನ್ನಬೇಕು ಅನಸ್ತೈತಿ. ತಿಂದ್ರ, ಉಂಡದ್ದರ ಸತ್ವಾನೂ ಮೈಗೆ ಹತ್ತೂದಿಲ್ಲ. ಆವಾಗನ ಕರಕೊಂಡು ಬರಬೇಕಿತ್ತು.’

ಕಸ್ತೂರವ್ವ ಎರಡೂ ಕೈ ಮುಂದೆ ಚಾಚಿದರು. ‘ಅಕಿ ಮೈ ರಕ್ತ ಬೇಡಾಕತ್ತಿತ್ತು. ನಾ ನನ್ನ ಕೈಯಾರ ಅಕಿ ಬಾಯಾಗ ಮಣ್ಣು ಹಾಕಿದ್ನಲ್ಲರಿ!’

ಕೂಸು ಬದುಕಿತು. ಈಗ ಮನೆಯಲ್ಲಿದೆ. ಅತ್ತರೆ ಪಕ್ಕದ ನಮ್ಮ ಮನೆಗೂ ಕೇಳುವುದಿಲ್ಲ, ಅಷ್ಟು ಸಣ್ಣ ದನಿ. ಅದನ್ನು ಎತ್ತಿಕೊಂಡು ಪಡಸಾಲೆಗೆ ಬರುವಷ್ಟರಲ್ಲಿ ಸುನಂದಾಗೆ ಏದುಸಿರು. ಕಸ್ತೂರವ್ವ ಮೆಂತ್ಯೆ ಪಲ್ಯ, ಹೆಸರುಕಾಳು, ಶೇಂಗಾ ಉಂಡಿ ಹಿಡಿದು ಸೊಸೆಯ ಮುಂದೆ ಕೂಡುತ್ತಾರೆ. ಗುಳಿಗೆಯನ್ನೂ ತಾವೇ ನಿಂತು ನುಂಗಿಸುತ್ತಾರೆ. ‘ನಿಮ್ಮ ತಪ್ಪಲ್ರಿ ಅತ್ತಿ, ನಾನ ಬೇಡಿದ್ದೆ’ ಎಂದು ಅವಳು ಸಮಾಧಾನ ಹೇಳಿದರೆ ಮುಖ ಆಚೆ ತಿರುಗಿಸುತ್ತಾರೆ.

ಬಸುರಿಗೆ ಏನು ಬೇಕು ಅಂತ ಓಣಿಗೆ ಓಣಿಯೇ ಕೇಳಿತ್ತು. ಯಾಕೆ ಬೇಕು ಅಂತ ಕೇಳಿದವರು ನಮ್ಮಲ್ಲಿ ಒಬ್ಬರಾದರೂ ಇದ್ದರಾ?