ಚಿಕ್ಕವೆಂಕಟಮ್ಮನ ಹುಳಿ ಮಣ್ಣು

ಕಾಮಸಮುದ್ರ ದಾಟಿ ಬೆಟ್ಟದ ಕಡೆ ಹೋಗುವ ಬಸ್ಸು ಎಲ್ಲಿ ಇನ್ನು ನನ್ನ ಕೈಲಾಗದು ಎಂದು ನಿಂತುಬಿಡುತ್ತದೋ, ಅಲ್ಲಿಂದ ತಲೆಯೆತ್ತಿದರೆ ಕಾಣುವುದೇ ಚಿಕ್ಕವೆಂಕಟಮ್ಮನ ಗುಟ್ಟದ ಹೊಲ. ಹೊಲ ಎನ್ನುವವಳು ಅವಳೊಬ್ಬಳೇ. ಊರಿನವರು ಬರೀ ಗುಟ್ಟ, ಅಂದರೆ ಗುಡ್ಡ, ಅನ್ನುತ್ತಾರೆ. ಅದರ ಬೆನ್ನಿಗೆ ಕಾಡು, ಹೊಟ್ಟೆ ತುಂಬ ಕಲ್ಲು. ಕಾಡಿನಿಂದ ಜಾರಿ ಬಂದ ತರಗೆಲೆ ಕೊಳೆತು ಮೇಲೆ ತೆಳ್ಳಗೆ ಕಪ್ಪು ಪುಡಿ. ಅದನ್ನು ಬೆರಳಲ್ಲಿ ಸರಿಸಿದರೆ ಕೆಂಪು ಗರಸು. ಇನ್ನೂ ಆಸೆಪಟ್ಟು ಗುದ್ದಲಿ ಹಾಕಿದರೆ ಬಂಡೆಯೇ ಠಣ್ ಎಂದು ಉತ್ತರ ಕೊಡುತ್ತದೆ. ಎಂಥ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ನೆಂಟರ ಮನೆಗೆ ಬಂದು ಕಾಫಿಯನ್ನೂ ಕುಡಿಯದೆ ಹೊರಟುಬಿಡುವವರ ಹಾಗೆ ಇಳಿದುಹೋಗುತ್ತದೆ, ಹೋಗುವಾಗ ಮಣ್ಣಿನಲ್ಲಿದ್ದ ಸುಣ್ಣದ ಸಾರವನ್ನೂ ಕಟ್ಟಿಕೊಂಡು ಹೋಗುತ್ತದೆ. ಹಿಂದೆ ಉಳಿಯುವುದು ಹುಳಿ.

ಆ ಕಡೆ ಕೆ.ಜಿ.ಎಫ್.ನಲ್ಲಿ ಕಲ್ಲು ಒಡೆದರೆ ಚಿನ್ನ ಸಿಗುತ್ತಿತ್ತು. ಚಿಕ್ಕವೆಂಕಟಮ್ಮನ ಕಲ್ಲೆತ್ತಿದರೆ ಚೇಳು ಸಿಗುತ್ತಿತ್ತು.

ಈ ಐಶ್ವರ್ಯ ಅವಳಿಗೆ ಬಂದದ್ದು ಪಾಲಿನಲ್ಲಿ. ಗಂಡನ ಅಣ್ಣ ಮುನಿಸ್ವಾಮಪ್ಪ ಕೆರೆ ಕೆಳಗಿನ ಹೊಲವನ್ನು ತನಗಿಟ್ಟುಕೊಂಡು ಗುಟ್ಟವನ್ನು ತಮ್ಮನ ಕೈಗಿತ್ತ. "ನಿಂಗೆ ಗಾಳಿ ಚೆನ್ನಾಗಿ ಬತ್ತದೆ ಕಣ್ಲಾ" ಎಂದು ಸಮಾಧಾನವನ್ನೂ ಪಾಲಿಗೆ ಸೇರಿಸಿದ. ತಮ್ಮ ಮೆತ್ತನೆಯ ಮನುಷ್ಯ, ತಲೆಯಾಡಿಸಿದ. ಕೆಲವು ವರ್ಷಗಳಾದ ಮೇಲೆ ಅಷ್ಟೇ ಮೆತ್ತಗೆ ತೀರಿಕೊಂಡ. ಪಾಲು ಆದದ್ದು ಬಾಯಿಮಾತಿನಲ್ಲಿ. ಕಾಗದಕ್ಕೆ ಏರಿರಲಿಲ್ಲ.

ಚಿಕ್ಕವೆಂಕಟಮ್ಮ ಮೆತ್ತನೆಯವಳಲ್ಲ. ಮೊದಲ ವರ್ಷ ರಾಗಿ ಹಾಕಿದಳು, ರಾಗಿ ಹಳದಿಗೆ ತಿರುಗಿ ಕೈಮುಗಿಯಿತು. ಹುರುಳಿ ಹಾಕಿದಳು, ಬಂತು. ಹುಚ್ಚೆಳ್ಳು ಹಾಕಿದಳು, ಬಂಡೆಗಳ ನಡುವೆ ಹಳದಿ ಹೂ ಬಿಟ್ಟು ನಕ್ಕಿತು. ಎತ್ತಬಹುದಾದ ಕಲ್ಲುಗಳನ್ನು ಎತ್ತಿ ಇಳಿಜಾರಿಗೆ ಅಡ್ಡಡ್ಡ ಬದು ಕಟ್ಟಿದಳು. ಎತ್ತಲಾಗದ ಕಲ್ಲುಗಳಿಗೆ ಹೆಸರಿಟ್ಟಳು. ನಡುಹೊಲದಲ್ಲಿ ಕೂತಿದ್ದ ಅತಿ ದೊಡ್ಡ, ಅತಿ ನಿರುಪಯೋಗಿ ಬಂಡೆಯ ಹೆಸರು 'ಬಾವ'. ಬದುವಿನ ಉದ್ದಕ್ಕೂ ತಾವಾಗಿಯೇ ಎದ್ದ ಸೀತಾಫಲದ ಗಿಡಗಳ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಗೆ ಹೋಗಿ, "ಮಲೆ ಪಳಂ, ಮಲೆ ಪಳಂ" ಎಂದು ಬೆಟ್ಟದ ಹಣ್ಣನ್ನು ತಮಿಳಿನಲ್ಲಿ ಕೂಗಿ ಮಾರುತ್ತಿದ್ದಳು. ಹಣ್ಣು ಸಣ್ಣದಾಯಿತು ಎಂದವರಿಗೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಉತ್ತರವಿತ್ತು.

ಅವಳ ಎದುರಿಗೆ ಗುಟ್ಟದ ಮಣ್ಣನ್ನು ಹಳಿಯುವ ಹಾಗಿರಲಿಲ್ಲ. ಹಳಿದವರ ಮನೆತನ, ಎಮ್ಮೆ, ಸೊಸೆಯಂದಿರು ಯಾರೂ ಬಚಾವಾಗುತ್ತಿರಲಿಲ್ಲ.

ಹೀಗಿರುವಾಗ ರೈತ ಸಂಪರ್ಕ ಕೇಂದ್ರದಿಂದ ಶ್ಯಾಮಲ ಎಂಬ ಹುಡುಗಿ ಸ್ಕೂಟಿಯಲ್ಲಿ ಬಂದು, ಎಲ್ಲರ ಹೊಲದ ಮಣ್ಣನ್ನೂ ಕೋಲಾರಕ್ಕೆ ಪರೀಕ್ಷೆಗೆ ಕಳಿಸುವುದಾಗಿ ಹೇಳಿ, ಚೀಲ ಕೊಟ್ಟು, ನಾಡಿದ್ದು ಬಂದು ಒಯ್ಯುತ್ತೇನೆಂದು ಹೋದಳು.

ಚಿಕ್ಕವೆಂಕಟಮ್ಮನಿಗೆ ಇದು ಹೆಣ್ಣು ತೋರಿಸುವ ಶಾಸ್ತ್ರದಷ್ಟೇ ಗಂಭೀರ ವಿಷಯ. ನಾಲ್ಕು ಜನ ನೋಡುವ ಕಡೆ ಹೋಗುವಾಗ ಇದ್ದ ಹಾಗೆ ಕಳಿಸುತ್ತಾರೆಯೇ? ಮಣ್ಣನ್ನು ಮೊರಕ್ಕೆ ಹಾಕಿ ಕೇರಿದಳು. ಅಕ್ಕಿ ಆರಿಸಿದ ಹಾಗೆ ಕಲ್ಲು ಆರಿಸಿದಳು. ಆಮೇಲೆ, ಹುರುಳಿ ಬೀಜ, ಅವರೆ ಬೀಜ ಎತ್ತಿಡುವಾಗ ಹುಳು ಬೀಳದಿರಲಿ ಎಂದು ಒಲೆಯ ಬೂದಿ ಬೆರೆಸುವುದು ಅವಳ ಅತ್ತೆಯ ಕಾಲದ ರೂಢಿಯಲ್ಲವೇ? ಕೋಲಾರ ದೂರ, ಆಫೀಸಿನವರು ಯಾವಾಗ ನೋಡುತ್ತಾರೋ ಏನೋ ಎಂದು ಮಣ್ಣಿಗೂ ಧಾರಾಳವಾಗಿ ಬೂದಿ ಕಲಸಿ, ಕಟ್ಟಿ ಕೊಟ್ಟಳು.

ಫಲಿತಾಂಶ ಬಂದ ದಿನ ಡೇರಿ ಮುಂದೆ ಊರೇ ಸೇರಿತ್ತು. ಮುನಿಸ್ವಾಮಪ್ಪ ಹಾಲಿನ ಸೊಸೈಟಿಯ ಅಧ್ಯಕ್ಷ. ಮಳೆ ಬರುವ ಹಾಗಿದೆ ಎಂಬುದನ್ನು ಕೂಡ "ಅಧ್ಯಕ್ಷನಾಗಿ ಒಂದು ಮಾತು ಏಳ್ತೀನಿ" ಎಂದು ಶುರುಮಾಡುವ ಮನುಷ್ಯ. ಇದ್ದ ಒಂದೇ ಕುರ್ಚಿಯಲ್ಲಿ ಅವನೇ ಕೂತಿದ್ದ. ಶ್ಯಾಮಲ ಅವನ ಕೆರೆ ಕೆಳಗಿನ ಹೊಲ ಉಪ್ಪೇರಿ ಚೌಳಿಗೆ ತಿರುಗುತ್ತಿದೆ ಎಂದಳು. ಆಮೇಲೆ ಚಿಕ್ಕವೆಂಕಟಮ್ಮನ ಕಡೆ ತಿರುಗಿ, "ನಿಮ್ಮದು ಆಶ್ಚರ್ಯ ಅಜ್ಜಿ. ಬೆಟ್ಟದ ಕಾಡುಮಣ್ಣು, ಅದೂ ಇಷ್ಟು ಕಲ್ಲು ಇರೋದು, ಸಾಮಾನ್ಯವಾಗಿ ಹುಳಿ ಇರುತ್ತೆ. ನಿಮ್ಮದರಲ್ಲಿ ಹುಳಿಯೇ ಇಲ್ಲ. ಪೊಟ್ಯಾಷ್ ಅಂತೂ ಊರಿಗೆಲ್ಲ ಹಂಚಬಹುದು" ಎಂದಳು.

"ನಾನು ಏಳಿದ್ರೆ ಯಾರು ಕೇಳಿದ್ರಿ?" ಚಿಕ್ಕವೆಂಕಟಮ್ಮ ಸೆರಗು ಸರಿಮಾಡಿಕೊಂಡಳು.

"ಉಳಿದ ಗುಟ್ಟದ ಹೊಲದವರು ಸುಣ್ಣ ಹಾಕಬೇಕು," ಶ್ಯಾಮಲ ಮುಂದುವರಿಸಿದಳು. "ಸುಣ್ಣ ಹುಳೀನ ಮುರಿಯುತ್ತೆ. ಒಲೆ ಬೂದಿನೂ ಅದೇ ಕೆಲಸ ಮಾಡುತ್ತೆ."

ಸೆರಗಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಆದರೆ ಮುಖ ಅಲುಗಲಿಲ್ಲ. ಬಾಯಿ ಬಿಡಲು ಅದು ಸರಿಯಾದ ಸಮಯವೆಂದು ಅವಳಿಗೆ ಅನಿಸಲೂ ಇಲ್ಲ. ಊರೆಲ್ಲ ಅವಳನ್ನೇ ನೋಡುತ್ತಿತ್ತಲ್ಲ.

ಆ ವೈಭವ ಒಂದು ವಾರವೂ ಬಾಳಲಿಲ್ಲ. ಮುನಿಸ್ವಾಮಪ್ಪ ಊರಿನ ಹಿರಿಯ ಅಶ್ವತ್ಥಪ್ಪನನ್ನು ಜೊತೆಗೆ ಕರೆದುಕೊಂಡು ಗುಟ್ಟಕ್ಕೇ ಬಂದ.

"ಅಧ್ಯಕ್ಷನಾಗಿ ಅಲ್ಲ, ಮನೆ ಹಿರೀಕನಾಗಿ ಏಳ್ತೀನಿ," ಎಂದ, ಇದು ದೊಡ್ಡ ರಿಯಾಯಿತಿ ಎಂಬಂತೆ. "ಪಾಲು ಕಾಗದ ಆಗಿಲ್ಲ. ಒಲ ಅಳೆದು ಎಸ್ರಿಗೆ ಮಾಡಾಕೆ ಸರ್ವೆಯೋರು ಬತ್ತಾವ್ರೆ, ಅದ್ರೊಳಗೆ ಸರಿಮಾಡಾನ. ಕೆರೆ ಕೆಳಗಿನ ಒಲ ನೀನು ತಕಾ, ಗುಟ್ಟ ನಂಗಿರ್ಲಿ. ಒಳ್ಳೇ ಮಣ್ಣು ಇರೀಮಗನಿಗೆ ಸೇರ್ಬೇಕು, ಅದು ನ್ಯಾಯ."

"ಗಾಳಿ ಬೇಕಾಯ್ತಾ ಬಾವ?"

"ಸರ್ಕಾರ್ವೇ ಏಳೈತೆ, ನಂದು ಚೌಳು, ನಿಂದು ಚಿನ್ನ ಅಂತ. ಬಂಡೆಗಳ್ನ ಜೆ.ಸಿ.ಬಿ.ಲಿ ಎಬ್ಬಿಸಿ ಎಸೀತೀನಿ. ಮೊದ್ಲು ಆ ನಡುವಿನ ದೊಡ್ಡದು." ಅವನು ಬೆರಳು ತೋರಿಸಿದ್ದು 'ಬಾವ'ನ ಕಡೆಗೇ.

ಅಶ್ವತ್ಥಪ್ಪ ಯಾರ ಮನಸ್ಸನ್ನೂ ನೋಯಿಸದೆ ಎಪ್ಪತ್ತು ದಾಟಿದವನು. "ಪೋನೀಲೇಮ್ಮ," ಎಂದು ತೆಲುಗಿನಲ್ಲಿ ಶುರುಮಾಡಿ, "ಓಗ್ಲಿ ಬುಡು. ನಿಂಗೇನು ನಷ್ಟ ಇಲ್ಲ. ನಾಳೆ ಡೇರಿ ಹತ್ರ ಬಂದು ಊಂ ಅಂತ ಒಂದು ಮಾತು ಏಳ್ಬುಡು" ಎಂದ.

ಅವರು ಇಳಿದುಹೋದ ಮೇಲೆ ಮಗಳು ಕಲ್ಪನ ಬದುವಿನ ಮೇಲೆ ಕೂತಳು. ಆಂಡರ್ಸನ್‌ಪೇಟೆಯ ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಬಟ್ಟೆ ಎಲ್ಲಿ ಸಾಲುತ್ತದೆ, ಎಲ್ಲಿ ಸಾಲದು ಎಂಬುದು ಅವಳಿಗೆ ಬೇಗ ಗೊತ್ತಾಗುತ್ತದೆ. ಬೂದಿಯ ವಿಷಯವೂ ಗೊತ್ತಿತ್ತು.

"ಅಮ್ಮ, ಬಾಯಿ ಮುಚ್ಕೊಂಡಿರು. ಚೌಳಾದ್ರೂ ಕೆರೆ ನೀರು ಬರೋ ಒಲ. ದೊಡ್ಡಪ್ಪನೇ ಕೈಯಾರೆ ಕೊಡ್ತಾ ಅವ್ನೆ. ಈ ಕಲ್ಲು ಕಟ್ಕೊಂಡು ಏನ್ ಮಾಡ್ತೀಯ?"

ಚಿಕ್ಕವೆಂಕಟಮ್ಮ ಒಂದು ಚಪ್ಪಡಿ ಕಲ್ಲನ್ನು ಎತ್ತಿದಳು. ಸುತ್ತ ನೆಲ ಬಿಸಿಲಿಗೆ ಕಾದು ಹಂಚಾಗಿದ್ದರೂ ಅದರಡಿಯ ಮಣ್ಣು ಇನ್ನೂ ತಣ್ಣಗೆ, ಒದ್ದೆಯಾಗಿತ್ತು. ಒಂದು ಹುರುಳಿ ಬೇರು ಅಷ್ಟು ದೂರದಿಂದ ಅಲ್ಲಿಗೇ ಹುಡುಕಿಕೊಂಡು ಬಂದಿತ್ತು.

"ನೋಡಿದ್ಯಾ ಇವ್ಳ್ನ. ಯಾರೂ ದಾರಿ ತೋರ್ಸ್ಲಿಲ್ಲ. ಅವ್ನು ಜೆ.ಸಿ.ಬಿ. ತಂದು ಕಲ್ಲೆಲ್ಲ ಎತ್ತಿದ್ರೆ ಒಂದೇ ಮಳೆಗೆ ಇದಿಷ್ಟೂ ಕೊಚ್ಕೊಂಡು ಕೆರೆಗೇ ಓಗ್ತದೆ."

"ಓಗ್ಲಿ. ಆಗ ಗುಟ್ಟ ಅವ್ನ ಒಲ ಆಗಿರ್ತದೆ."

"ನಾನು ಕಟ್ಟಿದ್ ಬದು ಕಣೇ ಇದು," ಎಂದು ಕಲ್ಲನ್ನು ಇದ್ದ ಜಾಗಕ್ಕೇ ಜೋಪಾನವಾಗಿ ಇಟ್ಟಳು. "ಬ್ಯಾಡ ಅಂತ ಬಿಸಾಕಿದ್ನ ತಕಂಡೆ. ಈಗ ಬೇಕು ಅಂದ್ರೆ ಕೊಡೋಕೆ ನಾನೇನು ಅವ್ನು ನೇತಾಕಿ ತಕಳ್ಳೋ ಗೂಟಾನಾ?"

ಆದರೆ ಕೊಡುವುದಿಲ್ಲ ಎನ್ನಲು ಕಾರಣ ಬೇಕಿತ್ತು. ಇದ್ದದ್ದು ಒಂದೇ ಕಾರಣ, ಅದು ಒಲೆಯಲ್ಲಿತ್ತು. ಅಷ್ಟು ವರ್ಷ ಯಾರ ಬಾಯಲ್ಲಿ ಬಂದರೂ ಜಗಳಕ್ಕೆ ನಿಲ್ಲುತ್ತಿದ್ದ, ಗುಟ್ಟದ ಮಣ್ಣು ಕೆಟ್ಟದ್ದು ಎಂಬ ಮಾತನ್ನು ಈಗ ಅವಳೇ ಆಡಬೇಕಿತ್ತು, ಅದೂ ಡೇರಿ ಮುಂದೆ.

ಮರುದಿನ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಸರಿಯಾಗಿ ಹೋದಳು. ಜನ ಹೆಚ್ಚಿರುವ ಸಮಯ ಅದೇ. ಶ್ಯಾಮಲಳ ಸ್ಕೂಟಿಯೂ ನಿಂತಿತ್ತು. ಒಂದು ಕೈಯಲ್ಲಿ ಗುಟ್ಟದ ಮಣ್ಣು, ಇನ್ನೊಂದರಲ್ಲಿ ಬೂದಿ ಹಿಡಿದು, ಎರಡನ್ನೂ ಅಧ್ಯಕ್ಷರ ಮೇಜಿನ ಮೇಲೆ ಸುರಿದಳು.

"ಇದು ನನ್ ಮಣ್ಣು. ಇದು ನನ್ ಒಲೆ ಬೂದಿ. ಎರಡೂ ಕಲಸಿ ಕಳ್ಸಿದ್ದೆ. ಒಳ್ಳೇ ಮಣ್ಣು ಅಂತ ಬಂದಿದ್ದು ಬೂದಿಗೆ, ಗುಟ್ಟಕ್ಕಲ್ಲ."

ಲ್ಯಾಕ್ಟೋಮೀಟರ್ ಹಿಡಿದಿದ್ದವನು ಅದನ್ನು ಹಾಲಿನಲ್ಲೇ ಮರೆತ. ಮುನಿಸ್ವಾಮಪ್ಪ ಮೊದಲು ಮಣ್ಣನ್ನು, ಆಮೇಲೆ ಬೂದಿಯನ್ನು, ಕೊನೆಗೆ ತನ್ನ ಬಿಳಿ ಪಂಚೆಗೆ ಹತ್ತಿದ ಎರಡನ್ನೂ ನೋಡಿಕೊಂಡ.

"ಆಲಿಗೆ ನೀರು ಬೆರ್ಸೋರ್ನ ದಿನಾ ನೋಡ್ತೀನಿ. ಮಣ್ಣಿಗೆ ಬೂದಿ ಬೆರ್ಸೋಳ್ನ ಇವತ್ತೇ ಕಂಡಿದ್ದು."

"ಕಣ್ತುಂಬ ನೋಡ್ಕೊಳಿ ಬಾವ. ನನ್ ಮಣ್ಣು ಉಳಿ. ಕಲ್ಲು. ನೀರು ನಿಲ್ಲಾಕಿಲ್ಲ, ರಾಗಿ ಏಳಾಕಿಲ್ಲ. ಊರೋರು ಇಷ್ಟು ದಿನದಿಂದ ಏಳ್ತಿದ್ದುದು ದಿಟ. ನೀವು ಬಿಸಾಕಿದ್ದು ಸರಿಯಾಗೇ ನೋಡಿ ಬಿಸಾಕಿದ್ರಿ." ಅವಳ ದನಿ ಸೋತವರ ದನಿಯಾಗಿರಲಿಲ್ಲ, ಹಣ್ಣು ಮಾರುವಾಗಿನ ದನಿಯೇ ಆಗಿತ್ತು. "ಅದು ನಂದು. ಅಂಗೇ ಇರ್ತದೆ, ನನ್ನತ್ರಾನೇ ಇರ್ತದೆ. ಬೇಕಾದ್ರೆ ಮೇಡಮ್ಮೋರೇ ಬಂದು ಅಗೀಲಿ."

ಶ್ಯಾಮಲ ನಗು ತಡೆದುಕೊಂಡು ಗುಟ್ಟ ಹತ್ತಿದಳು, ಮಣ್ಣನ್ನು ತಾನೇ ಅಗೆದಳು, ಚೀಲವನ್ನು ಅಜ್ಜಿಯ ಕೈಗೆ ಸಿಗದ ಹಾಗೆ ಸ್ಕೂಟಿಯ ಡಿಕ್ಕಿಯಲ್ಲಿ ಬೀಗ ಹಾಕಿ ಒಯ್ದಳು. ಈ ಸಲ ಮಣ್ಣು ಹುಳಿ ಎಂದೇ ಬಂತು, ಅದೂ ಊರಲ್ಲಿ ಯಾರದಕ್ಕಿಂತಲೂ ಹೆಚ್ಚು. ಸುಣ್ಣ ಹಾಕಿದರೆ ರಾಗಿ ಬಂದೀತು ಎಂದು ಶ್ಯಾಮಲ ಹೇಳಿದ್ದಕ್ಕೆ, ಒಂದು ಮೂಲೆಗೆ ಮಾತ್ರ ಹಾಕಿ ನೋಡಲು ಚಿಕ್ಕವೆಂಕಟಮ್ಮ ಒಪ್ಪಿದಳು. "ಪೂರಾ ಮಣ್ಣಿನ ಸೊಕ್ಕು ಮುರಿಯಾದು ಬ್ಯಾಡ."

ಮುನಿಸ್ವಾಮಪ್ಪ ಗುಟ್ಟದ ಆಸೆ ಬಿಟ್ಟು, "ಅಧ್ಯಕ್ಷನಾಗಿ ನಂಗೆ ಮೊದ್ಲೇ ಗೊತ್ತಿತ್ತು" ಎಂದ. ಅವನು ಅಷ್ಟು ಸಲೀಸಾಗಿ ಬಿಟ್ಟದ್ದು ಚಿಕ್ಕವೆಂಕಟಮ್ಮನಿಗೆ ಹಿಡಿಸಲಿಲ್ಲ. "ಇನ್ನೊಂದೆರಡು ಸಲ ಕೇಳ್ಬೋದಿತ್ತು" ಎಂದು ಕಲ್ಪನಳ ಹತ್ತಿರ ಗೊಣಗಿದಳು.

ಸರ್ವೆಯವರು ಬಂದು ಅಳತೆ ಹಿಡಿದು ಗುಟ್ಟವನ್ನು ಅವಳ ಹೆಸರಿಗೆ ಗುರುತು ಮಾಡಿದರು. ಗಡಿಗೆ ನೆಡಲು ಟ್ರ್ಯಾಕ್ಟರಿನಿಂದ ಕಲ್ಲು ಇಳಿಸುತ್ತಿದ್ದಾಗ ಚಿಕ್ಕವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು.

"ಏನ್ರಪ್ಪಾ, ಇದೆಲ್ಲಿಗೆ ಒರಗಿಂದ ಕಲ್ಲು ತತ್ತಿದೀರ? ನನ್ ಒಲದಲ್ಲಿ ಕಲ್ಲಿಗೇನು ಬರ ಬಂದದಾ?"